ಕೇಳಿಸಿಕೊಳ್ಳುವವರೇ ಆರಿಸಬೇಕು

ಯಾರ ಮನೆಗಾದರೂ ಹೋದರೆ ನಾವು ಗೋಡೆಯ ಮೇಲಿನ ಫೋಟೋ ನೋಡುತ್ತೇವೆ, ಪರದೆಯ ಬಣ್ಣ ನೋಡುತ್ತೇವೆ, ಅಡುಗೆಮನೆಯಿಂದ ಬರುವ ವಾಸನೆ ಹಿಡಿಯುತ್ತೇವೆ. ನಮ್ಮ ಮೇಲಿನ ಮನೆಯವರು ಸೀದಾ ಟಾಯ್ಲೆಟ್ಟಿಗೆ ಹೋಗಿ ಫ್ಲಶ್ ಒತ್ತಿ, ಹೊರಗೆ ಬಂದು, ಬಾಗಿಲಿಗೆ ಒರಗಿ ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಖಾಲಿಯಾದ ಟ್ಯಾಂಕು ಮತ್ತೆ ತುಂಬಿ ಸದ್ದು ನಿಲ್ಲುವ ತನಕ ಅವರನ್ನು ಯಾರೂ ಮಾತಾಡಿಸುವಂತಿಲ್ಲ. ಸದ್ದು ನಿಂತ ಮೇಲೆ ಕಣ್ಣು ಬಿಟ್ಟು, "ಹ್ಞಾಂ, ಈಗ ಹೇಳಿ, ಚೆನ್ನಾಗಿದೀರಾ?" ಅನ್ನುತ್ತಿದ್ದರು. ಮೊದಲ ಸಲ ನೋಡಿದಾಗ ನನಗೆ ಈ ಮನುಷ್ಯನಿಗೆ ತಲೆ ಸರಿ ಇಲ್ಲವೇನೋ ಅನ್ನಿಸಿತ್ತು. ಸುಳ್ಳೇಕೆ ಹೇಳಲಿ, ಕೊನೆಯವರೆಗೂ ಒಂದಿಷ್ಟು ಹಾಗೇ ಅನ್ನಿಸುತ್ತಿತ್ತು.

ನಾನು ದೆಹಲಿಯ ಜನಕಪುರಿಗೆ ಬಂದು ಹನ್ನೊಂದು ವರ್ಷವಾಯಿತು. ಕೇಂದ್ರ ಸರ್ಕಾರದ ಒಂದು ಸಚಿವಾಲಯದಲ್ಲಿ ಸೆಕ್ಷನ್ ಆಫೀಸರು. ಮದುವೆಯಾಗಲಿಲ್ಲ, ಆ ಕಥೆ ಇಲ್ಲಿ ಬೇಡ. ಮೂರು ಅಂತಸ್ತಿನ ಹಳೆಯ ಕಟ್ಟಡದಲ್ಲಿ ನನ್ನದು ನಡುವಿನ ಮನೆ, ಅವರದು ಅದರ ಮೇಲಿನದು, ಅದರ ಮೇಲೆ ತಾರಸಿ ಮತ್ತು ನೀರಿನ ಟ್ಯಾಂಕುಗಳು. ಎಲ್ಲರ ಬಚ್ಚಲಿನ ಪೈಪುಗಳೂ ಹಿಂದಿನ ಒಂದೇ ಕಿರಿದಾದ ಸಂದಿಯಲ್ಲಿ ಇಳಿಯುತ್ತವೆ. ಆ ಸಂದಿಗೆ ಎಲ್ಲರ ಟಾಯ್ಲೆಟ್ಟಿನ ಕಿಟಕಿಯೂ ತೆರೆಯುತ್ತದೆ. ಒಬ್ಬರ ಕೆಮ್ಮು, ಇನ್ನೊಬ್ಬರ ಹಾಡು, ಮತ್ತೊಬ್ಬರ ಜಗಳ ಎಲ್ಲವೂ ಅಲ್ಲಿ ಹತ್ತುತ್ತವೆ, ಇಳಿಯುತ್ತವೆ.

ನಾನು ಸಾಮಾನು ಇಳಿಸಿದ ಮೂರನೆಯ ದಿನ ಅವರು ಬಾಗಿಲು ತಟ್ಟಿದರು. ಸಣಕಲು ಮೈ, ಇಸ್ತ್ರಿ ಮಾಡಿದ ಬಿಳಿ ಅರ್ಧ ತೋಳಿನ ಅಂಗಿ, ಜೇಬಿನಲ್ಲಿ ಟೆಸ್ಟರು ಮತ್ತು ಒಂದು ಸಣ್ಣ ಟಾರ್ಚು. ಬಾಗಿಲ ಮೇಲಿನ ನನ್ನ ಹೆಸರು ಓದಿಕೊಂಡೇ ಬಂದಿದ್ದರು, ಅವರೂ ಕನ್ನಡದವರೇ, ಹಾಗಾಗಿ ಕನ್ನಡದಲ್ಲೇ ಶುರು.

"ನೀವು ರಾತ್ರಿ ಫ್ಲಶ್ ಮಾಡಿದ್ದು ಹನ್ನೊಂದಕ್ಕೆ. ಟ್ಯಾಂಕು ಹನ್ನೊಂದೂವರೆಯಾದ್ರೂ ತುಂಬ್ತಾನೇ ಇತ್ತು. ಒಳಗೆ ಬರ್ಲಾ ಅಮ್ಮಾ?"

ಅಯ್ಯೋ ದೇವರೇ! ಗುರುತಿಲ್ಲದ ಗಂಡಸೊಬ್ಬರು ಬಾಗಿಲಲ್ಲಿ ನಿಂತು ನಾನು ರಾತ್ರಿ ಎಷ್ಟು ಹೊತ್ತಿಗೆ ಟಾಯ್ಲೆಟ್ಟಿಗೆ ಹೋದೆ ಎಂದು ಹೇಳುತ್ತಿದ್ದಾರೆ. ಮುಖಕ್ಕೆ ಹೊಡೆದ ಹಾಗೆ ಬಾಗಿಲು ಹಾಕಬೇಕೆಂದುಕೊಂಡೆ. ಆದರೆ ಅವರ ಮುಖದಲ್ಲಿ ಒಂದಿಷ್ಟೂ ನಾಚಿಕೆಯಾಗಲಿ ಕಳ್ಳತನವಾಗಲಿ ಇರಲಿಲ್ಲ. ಡಾಕ್ಟರು ನಾಲಿಗೆ ತೋರಿಸಿ ಎನ್ನುವ ಹಾಗೆ ಕೇಳಿದ್ದರು. ಒಳಗೆ ಬಿಟ್ಟೆ.

ಟ್ಯಾಂಕಿನ ಮುಚ್ಚಳ ತೆಗೆದು ಟಾರ್ಚು ಬಿಟ್ಟು ನೋಡಿದರು. ಟ್ಯಾಂಕಿಗೆ ನೀರು ಬಿಡುವ, ತುಂಬಿದ ಮೇಲೆ ತಾನೇ ನಿಲ್ಲಿಸುವ ಭಾಗಕ್ಕೆ ನಾವು ಬಾಲ್‌ಕಾಕ್ ಅನ್ನುತ್ತೇವಲ್ಲ, ಕೈಯಂಥ ಕಡ್ಡಿಯ ತುದಿಗೆ ತೇಲುವ ಚೆಂಡಿರುವ ವಾಲ್ವು, ಅದನ್ನು ಬೆರಳಿನಿಂದ ಎತ್ತಿ, ಬಿಟ್ಟು, ಮತ್ತೆ ಎತ್ತಿದರು.

"ಈ ಮನೇಲಿ ಮುಂಚೆ ಇದ್ದೋರ ಅಜ್ಜಿ ಕೊನೆ ಚಳಿಗಾಲದಲ್ಲಿ ರಾತ್ರಿಗೆ ಆರು ಸಲ ಏಳೋರು. ವಾಶರು ಸವೆದಿದ್ದು ಆಗ. ಆಮೇಲೆ ಫೆಬ್ರವರಿಯಲ್ಲಿ ಒಂದು ದಿನ ಎರಡೇ ಸಲ. ಮಾರನೇ ದಿನ ಇಲ್ಲವೇ ಇಲ್ಲ." ಮುಚ್ಚಳವನ್ನು ಮೆತ್ತಗೆ ಮುಚ್ಚಿದರು. "ಬದಲಾಯಿಸೋಣ. ನಿಮಗೆ ಯಾವುದು ಬೇಕು ಅಂತ ನಾನು ಆರಿಸ್ತೀನಿ."

ಮಲಗುವ ಕೋಣೆಯ ಕಿಟಕಿ ಪಕ್ಕದ ಗೋಡೆಯಲ್ಲಿ ಮಂಚದ ಗುರುತು ಉಳಿದಿತ್ತು. ಅಂದು ಅಲ್ಲಿ ಮಲಗಲು ಮನಸ್ಸಾಗದೆ ಹಾಸಿಗೆಯನ್ನು ಹಾಲಿಗೆ ಎಳೆದುಕೊಂಡೆ.

ಅವರು ಓಖ್ಲಾದ ಒಂದು ನಲ್ಲಿ ಕಾರ್ಖಾನೆಯಲ್ಲಿ ಇಡೀ ನೌಕರಿ ಕಳೆದವರು. ಪರೀಕ್ಷೆಯ ವಿಭಾಗ. ಹೊಸ ವಾಲ್ವುಗಳನ್ನು ಒಂದೊಂದಾಗಿ ನೀರಿಗೆ ಜೋಡಿಸಿ, ತುಂಬುವ ಸದ್ದು ಕೇಳಿ, ಪಾಸು ಫೇಲು ಹೇಳುವುದು. ಮೊದಮೊದಲು ಮೀಟರು ನೋಡುತ್ತಿದ್ದರಂತೆ, ಆಮೇಲೆ ಕಿವಿಯೇ ಸಾಕಾಯಿತಂತೆ. ನಿವೃತ್ತಿಯಾದ ಮೇಲೆ ಕಾರ್ಖಾನೆ ಅವರನ್ನು ಬಿಟ್ಟಿತು, ಅವರು ಸದ್ದನ್ನು ಬಿಡಲಿಲ್ಲ. ನಮ್ಮ ಕಡೆಯ ನಾಲ್ಕು ಗಲ್ಲಿಗಳಲ್ಲಿ ಯಾರ ಮನೆಯ ಫ್ಲಶ್ ಕೆಟ್ಟರೂ ಅವರನ್ನೇ ಕರೆಯುತ್ತಿದ್ದರು. ಕೂಲಿ ತೆಗೆದುಕೊಳ್ಳುತ್ತಿರಲಿಲ್ಲ, ಚಹ ಕುಡಿಯುತ್ತಿದ್ದರು. ಮಕ್ಕಳಿಂದ ಹಿಡಿದು ಮುದುಕರವರೆಗೆ ಎಲ್ಲರಿಗೂ ಅವರು ಟಂಕೀವಾಲೇ ಅಂಕಲ್.

ಅವರ ಜೊತೆ ಮಾರುಕಟ್ಟೆಗೆ ಹೋಗುವುದೆಂದರೆ ಅರ್ಧ ದಿನ ಹೋಯಿತೆಂದೇ. ಸ್ಯಾನಿಟರಿ ಅಂಗಡಿಯವನು ಅವರನ್ನು ಕಂಡೊಡನೆ, "ಆಯಿಯೇ ಅಂಕಲ್‌ಜೀ" ಎಂದು ಸ್ಟೂಲು ಹಾಕಿ, ಹತ್ತು ಡಬ್ಬಿ ತೆಗೆದು ಮುಂದಿಟ್ಟು ತನ್ನ ಕೆಲಸಕ್ಕೆ ಹೋಗಿಬಿಡುತ್ತಿದ್ದ. ಇವರು ಒಂದೊಂದೇ ವಾಲ್ವನ್ನು ಕರವಸ್ತ್ರದಲ್ಲಿ ಒರೆಸಿ, ನೀರು ಬರುವ ತುದಿಯನ್ನು ಬಾಯಿಗಿಟ್ಟು ಊದುವರು. ಊದುತ್ತಲೇ ಚೆಂಡನ್ನು ಬೆರಳಿನಿಂದ ಮೇಲೆತ್ತುವರು. ಉಸಿರು ಎಲ್ಲಿ ನಿಂತಿತು, ಹೇಗೆ ನಿಂತಿತು, ಕೊನೆಗೆ ಸುಯ್ ಎಂದಿತೋ ಟಕ್ ಎಂದಿತೋ, ಎಲ್ಲವನ್ನೂ ಕಣ್ಣು ಮುಚ್ಚಿ ಕೇಳುವರು. ನೋಡುವವರಿಗೆ ಆ ವಯಸ್ಸಿನವರು ಹಿತ್ತಾಳೆಯ ಪೀಪಿ ಊದುತ್ತಿರುವಂತೆ ಕಾಣುತ್ತಿತ್ತು. ನನಗಂತೂ ಅಂಗಡಿಯ ಆಚೆ ಹೋಗಿ ನಿಲ್ಲೋಣ ಅನ್ನಿಸುತ್ತಿತ್ತು.

"ನೀರು ಪಕ್ಕದಿಂದ ಬರುತ್ತಾ ಕೆಳಗಿನಿಂದ ಬರುತ್ತಾ ನೋಡ್ಕೋಬೇಕು, ಅದು ಮೊದಲನೇದು" ಎಂದು ನನಗೆ ಪಾಠ ಮಾಡುತ್ತಿದ್ದರು. "ಆಮೇಲೆ ನೀರಿನ ಜೋರು. ನನ್ನ ಮನೆ ತಾರಸಿ ಕೆಳಗೇ ಇದೆ, ಜೋರಿಲ್ಲ, ವಾಲ್ವಿನ ಬಾಯಿ ಅಗಲ ಇರಬೇಕು. ನಿಮ್ಮಲ್ಲಿ ಜೋರು ಜಾಸ್ತಿ, ಬಾಯಿ ಸಣ್ಣದಿರಬೇಕು. ಇಲ್ದಿದ್ರೆ ಮುಚ್ಚಿಕೊಳ್ಳಲ್ಲ. ಬೋರಿನ ನೀರಾದ್ರೆ ಪ್ಲಾಸ್ಟಿಕ್ಕಿಂದು ಉಪ್ಪು ಕಟ್ಟಿ ಸಾಯುತ್ತೆ, ಹಿತ್ತಾಳೆ ಬಿಚ್ಚಿ ತೊಳೀಬಹುದು. ಇವೆಲ್ಲ ಪ್ಲಂಬರಿಗೂ ಗೊತ್ತು ಬಿಡಿ. ಅವನು ಕೇಳದೇ ಇರೋದು ಒಂದಿದೆ."

"ಏನದು?"

"ಮನೇಲಿ ಯಾರಿದ್ದಾರೆ ಅಂತ."

ಈಗ ಎಲ್ಲರಿಗೂ ಸದ್ದಿಲ್ಲದ ವಾಲ್ವೇ ಬೇಕು. ಡಬ್ಬಿಯ ಮೇಲೆ ದೊಡ್ಡದಾಗಿ ಸೈಲೆಂಟ್ ಎಂದು ಬರೆದಿರುತ್ತದೆ. ತುಂಬಿದ ಸಂಸಾರಕ್ಕೆ, ಹಸುಗೂಸು ಇರುವ ಮನೆಗೆ ಅವರು ಅದನ್ನೇ ಕೊಡಿಸುತ್ತಿದ್ದರು. ಒಂಟಿಯಾಗಿ ಇರುವವರ ಮನೆಗೆ ಮಾತ್ರ ಸುತರಾಂ ಒಪ್ಪುತ್ತಿರಲಿಲ್ಲ. "ಒಂಟಿ ಇರೋರಿಗೆ ಮೂಕ ವಾಲ್ವ್ ಹಾಕಬಾರದಮ್ಮಾ" ಎಂದು ಗಂಟಲು ತಗ್ಗಿಸಿ ಹೇಳುತ್ತಿದ್ದರು. ಅಂಥ ಮನೆಗೆ ಹಿತ್ತಾಳೆಯದು, ಒರಟಾದ್ದು, ನೀರು ನುಗ್ಗುವಾಗ ಗೋಡೆಯಾಚೆಗೂ ಕೇಳಿಸುವಂಥದು. ಅದನ್ನು ಆರಿಸುವವರು ಆ ಮನೆಯವರಲ್ಲ. ಪಕ್ಕದವರು, ಇಲ್ಲವೇ ಮೇಲೆ ಕೆಳಗಿನವರು. ಅವರನ್ನು ಅಂಗಡಿಗೆ ಕರೆದುಕೊಂಡು ಹೋಗಿ, ನಾಲ್ಕೈದನ್ನು ಊದಿ ಕೇಳಿಸಿ, "ಇವುಗಳಲ್ಲಿ ಯಾವುದು ನಿಮ್ಮನ್ನ ನಿದ್ದೆಯಲ್ಲಿದ್ರೂ ಮುಟ್ಟುತ್ತೆ?" ಎಂದು ಕೇಳುತ್ತಿದ್ದರು. ಅವರು ತೋರಿಸಿದ್ದನ್ನೇ ಕೊಳ್ಳಬೇಕು. ಇದು ಅವರು ಮಾಡಿಕೊಂಡಿದ್ದ ಕಾನೂನು. ಕೇಳಿಸಿಕೊಳ್ಳುವವರೇ ಆರಿಸಬೇಕು.

ಎದುರು ಬ್ಲಾಕಿನಲ್ಲಿ ಒಬ್ಬ ಪಂಜಾಬಿ ಅಜ್ಜಿ ಒಂಟಿಯಾಗಿದ್ದರು. ಅವರ ಕೆಳಗಿನ ಮನೆಯ ಸೊಸೆಯನ್ನು ಹೀಗೇ ಅಂಗಡಿಗೆ ಕರೆದೊಯ್ದು ಅವಳ ಕೈಯಲ್ಲೇ ವಾಲ್ವು ಆರಿಸಿಸಿದ್ದರು. ಆ ಹುಡುಗಿ ದಾರಿಯುದ್ದಕ್ಕೂ ಬಾಯಿಗೆ ದುಪಟ್ಟಾ ಅಡ್ಡ ಹಿಡಿದು ನಕ್ಕಿದ್ದಳಂತೆ. ಎರಡು ವರ್ಷದ ಮೇಲೆ ಒಂದು ಬೆಳಿಗ್ಗೆ ಚಪಾತಿ ಹಿಟ್ಟು ಕಲಸುತ್ತಿದ್ದವಳಿಗೆ, ಇವತ್ತು ಮೇಲಿನ ಟ್ಯಾಂಕು ತುಂಬಲಿಲ್ಲ ಎಂದು ಹೊಳೆಯಿತು. ಹಿಟ್ಟಿನ ಕೈಯಲ್ಲೇ ಮೇಲೆ ಓಡಿದಳು. ಅಜ್ಜಿ ಸೊಂಟ ಮುರಿದು ಬಿದ್ದಿದ್ದರು. ಉಳಿದರು. ಆಮೇಲೆ ನಾಲ್ಕು ವರ್ಷ ಬದುಕಿ, ಬಾಲ್ಕನಿಯಲ್ಲಿ ಕೂತು ದಾರಿಯಲ್ಲಿ ಹೋಗುವವರನ್ನೆಲ್ಲ ಬೈಯುತ್ತಿದ್ದರು.

ಅಂದಿನಿಂದ ಗಲ್ಲಿಯವರಿಗೆ ಇವರ ಮೇಲೆ ಗೌರವ ಹೆಚ್ಚಾಯಿತು, ಒಂದು ತರಹದ ಭಯವೂ ಶುರುವಾಯಿತು. ಬೆಳಿಗ್ಗೆ ವಾಕಿಂಗ್ ಹೋಗುವಾಗ ಅವರು ಹಿಂದಿನ ಗಲ್ಲಿಯಲ್ಲಿ ಯಾವುದೋ ಮನೆಯ ಪೈಪಿನ ಕೆಳಗೆ ನಿಂತು ತಲೆ ಓರೆ ಮಾಡುವರು. ಅಷ್ಟೇ. ಆ ಮನೆಯ ಹೆಂಗಸು ಕಿಟಕಿಯಿಂದ ನೋಡಿ, "ಅಂಕಲ್‌ಜೀ, ನಮ್ಮನೆ ಹತ್ತಿರ ನಿಲ್ಲಬೇಡಿ, ಚಲೋ ಚಲೋ" ಎಂದು ಅರ್ಧ ತಮಾಷೆಯಾಗಿ, ಅರ್ಧ ನಿಜವಾಗಿ ಓಡಿಸುವಳು. ಅವರು ನಿಂತ ಮನೆಯಲ್ಲಿ ತಿಂಗಳೊಳಗೆ ಯಾರಾದರೂ ಹೋಗುತ್ತಾರೆಂದು ಮಾತು ಹುಟ್ಟಿತ್ತು. ಒಮ್ಮೆ ನಾನೇ ಕೇಳಿದೆ, "ಏನ್ ಸಾರ್, ನಿಮಗೆ ಸಾವು ಕೇಳಿಸುತ್ತಂತೆ?"

"ಛೇ ಛೇ. ನನಗೆ ಕೇಳಿಸೋದು ಬದುಕಿರೋರು ಮಾತ್ರ. ರಾತ್ರಿ ಏಳೋದು ಜಾಸ್ತಿಯಾದ್ರೆ ಮೈ ಸರಿ ಇಲ್ಲ ಅಂತ. ಏಳೋದು ನಿಂತ್ರೆ..." ಅಷ್ಟಕ್ಕೆ ನಿಲ್ಲಿಸಿ ಚಹದ ಲೋಟ ತಿರುಗಿಸಿದರು. ಆಮೇಲೆ, ನಾನು ಕೇಳದಿದ್ದರೂ, ಹೆಂಡತಿಯ ವಿಷಯ ಹೇಳಿದರು. ನಾನು ಆ ಮನೆಗೆ ಬರುವ ಹೊತ್ತಿಗೆ ಆಕೆ ತೀರಿಕೊಂಡು ವರ್ಷಗಳಾಗಿದ್ದವು.

"ಅವಳು ನಾಲ್ಕೂವರೆಗೆ ಏಳ್ತಿದ್ಲು. ಹೋದ ಮೇಲೂ ನಾಲ್ಕೂವರೆಗೆ ಟ್ಯಾಂಕು ತುಂಬೋದು ಕೇಳಿಸ್ತಿತ್ತು. ವಾಶರು ಸೋರ್ತಿರಬೇಕು, ತಾನಾಗೇ ಇಳಿದು ತುಂಬ್ತಿರಬೇಕು ಅಂದ್ಕೊಂಡು ಹೊಸ ಸೆಟ್ ಹಾಕಿದೆ. ಮತ್ತೂ ಕೇಳಿಸ್ತು. ಒಂದು ದಿನ ಮುಚ್ಚಳ ತೆಗೆದಿಟ್ಟು, ಟಾರ್ಚ್ ಹಿಡ್ಕೊಂಡು ಮುಂದೇನೇ ಕೂತೆ. ನಾಲ್ಕೂವರೆ ಆಯ್ತು. ನೀರು ಅಲ್ಲಾಡಲಿಲ್ಲಮ್ಮಾ. ಬಾಲು ಅಲ್ಲಾಡಲಿಲ್ಲ. ಸದ್ದು ಮಾತ್ರ ಬಂತು. ಶುರುವಾಯ್ತು, ತುಂಬ್ತು, ಕೊನೇಲಿ ಟಕ್ ಅಂತಲೂ ಅಂತು."

ಹೆದರಿದ್ದನ್ನು ತೋರಿಸಿಕೊಳ್ಳದೆ, "ಏನ್ ಸಾರ್, ದೆಹಲಿ ದೆವ್ವಗಳು ಟಾಯ್ಲೆಟ್ಟನ್ನೂ ಬಿಡಲ್ವಾ?" ಎಂದು ನಕ್ಕೆ. ಅವರೂ ನಕ್ಕರು. ಆದರೆ ಹೇಳಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

"ದೆವ್ವವೋ ಏನೋ. ಕಿವಿಗೆ ಒಂದು ಸದ್ದು ಅಭ್ಯಾಸವಾದ್ರೆ, ಅದು ಇಲ್ಲದಿದ್ರೂ ಕಿವಿ ತಾನೇ ಹಾಕ್ಕೊಳ್ಳುತ್ತೆ. ಅದಕ್ಕೇ ಹೇಳೋದು, ಕೇಳಿಸಿತು ಅಂತ ಸುಮ್ಮನೆ ಕೂರಬಾರದು. ಅಪರೂಪಕ್ಕೊಮ್ಮೆ ಕಣ್ಣಲ್ಲೂ ನೋಡ್ಕೋಬೇಕು."

ನಮ್ಮಿಬ್ಬರ ನಡುವೆ ಒಂದು ಒಪ್ಪಂದವಿತ್ತು. ಇಬ್ಬರೂ ಒಂಟಿ. ಅವರ ಒಬ್ಬಳೇ ಮಗಳು ಪುಣೆಯಲ್ಲಿ, ಬ್ಯಾಂಕಿನ ಕೆಲಸ. ಅವರ ಟ್ಯಾಂಕು ಬೆಳಿಗ್ಗೆ ಐದಕ್ಕೆ ತುಂಬಬೇಕು, ನನ್ನದು ಐದೂವರೆಗೆ. ಆರರವರೆಗೆ ಸದ್ದಿಲ್ಲವೆಂದರೆ ಹೋಗಿ ಬಾಗಿಲು ತಟ್ಟಬೇಕು. ನನ್ನ ಮನೆಗೆ ಎಂಥ ವಾಲ್ವು ಹಾಕಬೇಕೆಂದು ಅವರು ಆರಿಸಿದ್ದರು, ಏಕೆಂದರೆ ಕೇಳಿಸಿಕೊಳ್ಳಬೇಕಾದವರು ಅವರು. ಅವರ ಮನೆಯದನ್ನು ನಾನು ಆರಿಸಿದ್ದೆ. ಅಂಗಡಿಯಲ್ಲಿ ಅವರು ಊದಿದ ಐದರಲ್ಲಿ ಮೂರನೆಯದು. ಸ್ವಲ್ಪ ಗೊಗ್ಗರು ದನಿ, ಕೊನೆಯಲ್ಲಿ ಎರಡು ಸಲ ಟಕ್ ಟಕ್.

ಅವರು ತಮ್ಮ ಪಾಲಿನದನ್ನು ಎಷ್ಟು ಕಟ್ಟುನಿಟ್ಟಾಗಿ ನಡೆಸುತ್ತಿದ್ದರೆಂದರೆ ನನಗೆ ರೇಗಿಹೋಗುತ್ತಿತ್ತು. ಒಂದು ಭಾನುವಾರ ಚೆನ್ನಾಗಿ ಮಲಗೋಣವೆಂದು ಮಲಗಿದರೆ ಆರಕ್ಕೆ ಸರಿಯಾಗಿ ಢಬಢಬ. ಬಾಗಿಲು ತೆಗೆದರೆ ಬನಿಯನ್ನು, ಪಂಚೆ, ಕೈಯಲ್ಲಿ ಸ್ಪ್ಯಾನರು. "ಇದೀರಾ? ಸರಿ, ಮಲಗಿ" ಎಂದು ಹೋದರು. ಅಂದಿನಿಂದ ರಜೆಯ ದಿನವೂ ಐದೂವರೆಗೆ ಎದ್ದು, ಫ್ಲಶ್ ಒತ್ತಿ ಹಾಜರಿ ಹಾಕಿ, ಮತ್ತೆ ಬಂದು ಹೊದಿಕೆ ಎಳೆದುಕೊಳ್ಳುವುದು ನನಗೆ ರೂಢಿಯಾಯಿತು. ಆಫೀಸಿನಲ್ಲಿ ಹೇಳಿದರೆ ಎಲ್ಲರೂ ಬಿದ್ದು ಬಿದ್ದು ನಗುತ್ತಿದ್ದರು. ಆದರೆ ನನಗೆ ಡೆಂಗಿ ಜ್ವರ ಬಂದು ಎದ್ದೇಳಲಾಗದೆ ಬಿದ್ದಿದ್ದ ದಿನ, ಆರು ಗಂಟೆ ಐದು ನಿಮಿಷಕ್ಕೆ ಬಾಗಿಲಲ್ಲಿದ್ದವರು ಅವರೇ. ನನ್ನ ಸ್ವಂತ ತಂಗಿಗೆ ಗೊತ್ತಾದದ್ದು ನಾಲ್ಕು ದಿನದ ಮೇಲೆ.

ಹೋದ ವರ್ಷ ಚಳಿ ಶುರುವಾಗುವ ಹೊತ್ತಿಗೆ ಅವರ ವಾಲ್ವಿನ ದನಿ ಕುಗ್ಗಿತು. ಉಪ್ಪು ಕಟ್ಟಿತ್ತು. ಟ್ಯಾಂಕು ತುಂಬಲು ಅರ್ಧ ಗಂಟೆ ಹಿಡಿಯುತ್ತಿತ್ತು, ಸದ್ದು ಒಂದು ತೆಳ್ಳನೆಯ ಸುಯ್ ಮಾತ್ರ. ನಾನು ದಿಂಬಿನಿಂದ ತಲೆ ಎತ್ತಿ, ಉಸಿರು ಬಿಗಿಹಿಡಿದು ಕೇಳಬೇಕಾಗುತ್ತಿತ್ತು. ಅವರಿಗೂ ಅದು ಗೊತ್ತಿತ್ತು.

"ಅಮ್ಮಾ, ಈ ಭಾನುವಾರ ಅಂಗಡಿಗೆ ಹೋಗೋಣ. ನೀವು ಬಂದು ಆರಿಸಬೇಕು."

"ಆಗಲಿ ಸಾರ್, ಮುಂದಿನ ವಾರ. ಆಫೀಸಲ್ಲಿ ಪಾರ್ಲಿಮೆಂಟ್ ಪ್ರಶ್ನೆಗಳು ಬಂದಿವೆ."

ಪ್ರಶ್ನೆಗಳು ಬಂದಿದ್ದು ನಿಜ. ಆದರೆ ಭಾನುವಾರ ಆ ಕೆಲಸವಿರಲಿಲ್ಲ. ಭಾನುವಾರ ನಾನು ಕಾಲು ಚಾಚಿಕೊಂಡು ಮೊಬೈಲು ನೋಡುತ್ತಿದ್ದೆ. ನಿಜ ಹೇಳಬೇಕೆಂದರೆ ನನಗೆ ಸಾಕಾಗಿತ್ತು. ಹತ್ತು ವರ್ಷ ದಿನಾ ಬೆಳಿಗ್ಗೆ ಇನ್ನೊಬ್ಬರ ಟ್ಯಾಂಕಿಗೆ ಕಿವಿಗೊಟ್ಟು ಏಳುವುದು, ಅಂಗಡಿಯಲ್ಲಿ ಅವರು ಊದುವಾಗ ಪಕ್ಕದಲ್ಲಿ ನಿಂತು ತಲೆ ಆಡಿಸುವುದು, ಸಾಕಪ್ಪಾ ಸಾಕು ಅನ್ನಿಸಿತ್ತು. ಯಾವುದಾದರೂ ಒಂದು ತಂದು ಹಾಕಿಕೊಳ್ಳಬಾರದೇ ಇವರು? ಅವರು ಹಾಕಿಕೊಳ್ಳಲಿಲ್ಲ. ಕಾನೂನು ಅವರದೇ. ಮೂರು ಭಾನುವಾರ ಕೇಳಿದರು, ಮೂರು ಭಾನುವಾರ ನಾನು ಮುಂದೂಡಿದೆ.

ಮೂರನೆಯ ಭಾನುವಾರ ಸಂಜೆ ನಾನು ಮೆಟ್ಟಿಲ ಬಳಿ ನಿಂತು ತಂಗಿಯ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದೆ. ಅವರು ಮೇಲಿನಿಂದ ಬಗ್ಗಿ ಹೇಳಿದರು, "ಅಮ್ಮಾ, ವಾಲ್ವ್ ಬಿಚ್ಚಿ ನಿಂಬೆರಸದಲ್ಲಿ ನೆನೆಸ್ತಾ ಇದೀನಿ. ಉಪ್ಪು ಬಿಟ್ಟರೆ ಸದ್ಯಕ್ಕೆ ನಡೆಯುತ್ತೆ. ನಾಳೆ ನಾಡಿದ್ದು ಸದ್ದಿರಲ್ಲ. ಆಫೀಸಿಗೆ ಹೋಗೋ ಮುಂಚೆ ಒಂದ್ಸಲ ಮೇಲೆ ಬಂದು ನೋಡ್ಕೊಂಡು ಹೋಗಿ, ಆಯ್ತಾ?"

ನಾನು ಫೋನನ್ನು ಕಿವಿಯಿಂದ ತೆಗೆಯದೆ, ಕೈ ಎತ್ತಿ, ಹ್ಞೂಂ ಎಂದು ತಲೆ ಆಡಿಸಿದೆ.

ಸೋಮವಾರ ಬೆಳಿಗ್ಗೆ ಐದಕ್ಕೆ ಮೇಲೆ ಟ್ಯಾಂಕು ತುಂಬಿತು.

ತೆಳ್ಳನೆಯ ಸುಯ್ ಅಲ್ಲ. ಹಳೆಯ ಗೊಗ್ಗರು ದನಿ, ನಾನು ಅಂಗಡಿಯಲ್ಲಿ ಆರಿಸಿದ ದಿನ ಇದ್ದ ಹಾಗೇ. ಕೊನೆಯಲ್ಲಿ ಟಕ್ ಟಕ್. ಓಹೋ, ರಾತ್ರಿಯೇ ಕೂರಿಸಿಬಿಟ್ಟಿದ್ದಾರೆ, ನಿಂಬೆರಸ ಚೆನ್ನಾಗಿ ಕೆಲಸ ಮಾಡಿದೆ ಅಂದುಕೊಂಡೆ. ಮೇಲೆ ಹೋಗಿ ನೋಡುವ ಕೆಲಸ ತಪ್ಪಿತು. ಅಂಗಡಿಗೆ ಹೋಗುವ ಕೆಲಸವೂ ತಪ್ಪಿತು ಎಂದು ಖುಷಿಯಾಯಿತು. ಹೌದು, ಖುಷಿಯೇ ಆಯಿತು. ಐದೂವರೆಗೆ ಎದ್ದೆ, ಸ್ನಾನ ಮಾಡಿದೆ, ಏಳೂಮುಕ್ಕಾಲಿಗೆ ಬೀಗ ಹಾಕಿಕೊಂಡು ಮೆಟ್ರೋ ಹಿಡಿದೆ.

ಸಂಜೆ ಮಗಳ ಫೋನು. "ಆಂಟಿ, ಪಾಪಾ ಫೋನ್ ಎತ್ತಾ ಇಲ್ಲ. ಜರಾ ನೋಡ್ತೀರಾ?"

"ಚೆನ್ನಾಗಿದ್ದಾರೆ ಪುಟ್ಟಾ. ಬೆಳಿಗ್ಗೆ ಐದಕ್ಕೆ ಕೇಳಿಸ್ಕೊಂಡೆನಲ್ಲ. ಫೋನು ಚಾರ್ಜ್‌ಗೆ ಹಾಕೋದು ಮರೆತಿರ್ತಾರೆ."

"ಅಚ್ಛಾ, ನೀವು ಕೇಳಿಸ್ಕೊಂಡ್ರಾ? ಫಿರ್ ಠೀಕ್ ಹೈ" ಎಂದು ಅವಳು ಸಮಾಧಾನವಾಗಿ ಇಟ್ಟಳು. ಅವಳೂ ಆ ಮನೆಯಲ್ಲಿ ಬೆಳೆದವಳು. ಸದ್ದು ಕೇಳಿಸಿತೆಂದರೆ ಅವಳಿಗೂ ಅಷ್ಟೇ ಸಾಕಿತ್ತು.

ಮಂಗಳವಾರ ಬೆಳಿಗ್ಗೆ ಐದಕ್ಕೆ ಮತ್ತೆ ತುಂಬಿತು. ಸಂಜೆ ಮತ್ತೆ ಅವಳ ಫೋನು. ನಾನು ಮತ್ತೆ ಅದನ್ನೇ ಹೇಳಿದೆ. ಈ ಸಲ ದನಿಯಲ್ಲಿ ಸ್ವಲ್ಪ ಬೇಸರವೂ ಇತ್ತು, ಈಗ ನೆನೆದರೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಬುಧವಾರ ಬೆಳಿಗ್ಗೆ ಹಾಲಿನ ಭಯ್ಯಾ ನನ್ನ ಬಾಗಿಲು ತಟ್ಟಿದ. ಮೇಲಿನ ಮನೆಯ ಬಾಗಿಲ ಚೀಲದಲ್ಲಿ ಎರಡು ದಿನದ ಹಾಲು ಹಾಗೇ ಇದೆ, ಅಂಕಲ್ ಊರಿಗೆ ಹೋಗಿದ್ದಾರಾ ಎಂದು ಕೇಳಿದ. ನಾನು ಅವನಿಗೆ, ಇಲ್ಲಪ್ಪಾ, ಈಗಷ್ಟೇ ಐದಕ್ಕೆ ಅವರು... ಎಂದು ಶುರು ಮಾಡಿ ಅಲ್ಲಿಗೇ ನಿಂತೆ. ಅಂದು ಐದಕ್ಕೆ ಏನೂ ಕೇಳಿಸಿರಲಿಲ್ಲ. ಅದನ್ನು ನಾನು ಗಮನಿಸಿಯೂ ಇರಲಿಲ್ಲ.

ಒಳಗಿನಿಂದ ಚಿಲಕ ಹಾಕಿತ್ತು. ಬಡಗಿಯನ್ನು ಕರೆಸಿ ಬಾಗಿಲು ಬಿಚ್ಚಿಸಿದೆವು. ಟಾಯ್ಲೆಟ್ಟಿನ ನೆಲದ ಮೇಲೆ ಎಡಮಗ್ಗುಲಾಗಿ ಮಲಗಿದ್ದರು. ಕಣ್ಣು ಮುಚ್ಚಿತ್ತು, ತಲೆ ಸ್ವಲ್ಪ ಓರೆಯಾಗಿತ್ತು, ಒಂದು ಕಿವಿ ನೆಲಕ್ಕೆ. ಟ್ಯಾಂಕಿನ ಮುಚ್ಚಳವನ್ನು ಗೋಡೆಗೆ ಒರಗಿಸಿ ಇಟ್ಟಿದ್ದರು. ಟ್ಯಾಂಕಿನೊಳಗೆ ವಾಲ್ವು ಇರಲಿಲ್ಲ. ಅದು ಅಡುಗೆಮನೆಯಲ್ಲಿ, ಹರಡಿದ ಹಿಂದಿ ಪೇಪರಿನ ಮೇಲೆ, ಒಂದು ಸ್ಟೀಲ್ ಬಟ್ಟಲಿನಲ್ಲಿ ಬಿಡಿಬಿಡಿಯಾಗಿ ನೆನೆಯುತ್ತಿತ್ತು. ಸುತ್ತ ಹಿಂಡಿದ ನಿಂಬೆಹೋಳುಗಳು ಒಣಗಿದ್ದವು.

ಅಷ್ಟಾದರೂ ನಾನು ನಂಬಲಿಲ್ಲ. ಮಧ್ಯಾಹ್ನ ಒಬ್ಬ ಪ್ಲಂಬರನ್ನು ಕರೆಸಿ ನೋಡೆಂದೆ. ಅವನು ಟ್ಯಾಂಕಿನೊಳಗೆ ಕೈಯಾಡಿಸಿ, ಕೆಳಗಿನ ನಲ್ಲಿ ತಿರುಗಿಸಿ ನೋಡಿ ಹೇಳಿದ, "ಮೇಡಂ, ನೀರು ಬಂದ್ ಮಾಡಿದ್ದಾರೆ. ಟಂಕಿ ಬಿಲ್ಕುಲ್ ಸೂಖಾ. ಮೂರು ದಿನದಿಂದ ಒಂದು ಹನಿ ಒಳಗೆ ಹೋಗಿಲ್ಲ." ಬಕೆಟ್ಟು ಒಣಗಿತ್ತು, ನೆಲ ಒಣಗಿತ್ತು. ಕೆಳಗಿನ ಮನೆಯವರನ್ನೂ, ಪಕ್ಕದವರನ್ನೂ ಕೇಳಿದೆ. ಆ ಎರಡು ಬೆಳಿಗ್ಗೆ ಐದಕ್ಕೆ ಯಾರೂ ಎದ್ದಿರಲಿಲ್ಲ, ಯಾರಿಗೂ ಏನೂ ಕೇಳಿಸಿರಲಿಲ್ಲ. ಕೇಳಿಸಿದ್ದು ನನಗೊಬ್ಬಳಿಗೆ.

ಡಾಕ್ಟರು ಹೇಳಿದ್ದನ್ನು ಬರೆಯಲು ಕೈ ಬರುವುದಿಲ್ಲ, ಆದರೂ ಬರೆಯುತ್ತೇನೆ. ಪಾರ್ಶ್ವವಾಯು. ಸೋಮವಾರ ಬೆಳಗಿನ ಜಾವ ಬಿದ್ದಿರಬೇಕು. ಮಾತು ಹೋಗಿರಬೇಕು, ಏಳಲು ಆಗಿರಲಿಕ್ಕಿಲ್ಲ. ಜೀವ ಹೋದದ್ದು ಮಾತ್ರ ಮಂಗಳವಾರ ರಾತ್ರಿಯ ಸುಮಾರಿಗೆ.

ಅಂದರೆ ನಾನು ಎರಡು ಸಲ ಮಗಳಿಗೆ ಚೆನ್ನಾಗಿದ್ದಾರೆ ಎಂದಾಗ ಅವರು ನನ್ನ ತಲೆಯ ಮೇಲೆ, ಹತ್ತಡಿ ಎತ್ತರದಲ್ಲಿ, ಉಸಿರಾಡುತ್ತ ಬಿದ್ದಿದ್ದರು.

ಮಗಳು ಅಂದು ರಾತ್ರಿ ಬಂದಿಳಿದಳು. ಬೆಂಕಿ, ಬೂದಿ, ಎಲ್ಲ ಮುಗಿಯಿತು. ನಾಲ್ಕನೆಯ ದಿನ ಮಧ್ಯಾಹ್ನ ಮನೆ ಒಪ್ಪ ಮಾಡುತ್ತಿದ್ದಾಗ ಅವಳು ಆ ಬಟ್ಟಲನ್ನು ಹಿಡಿದುಕೊಂಡು ನನ್ನ ಮುಂದೆ ಬಂದು ನಿಂತಳು. ವಾಲ್ವಿನ ತುಂಡುಗಳು ಉಪ್ಪು ಬಿಟ್ಟು ಹೊಳೆಯುತ್ತಿದ್ದವು.

"ಆಂಟಿ, ಇದು ಯಾವಾಗ ಬಿಚ್ಚಿದ್ದು?"

ಗೊತ್ತಿಲ್ಲ ಅನ್ನಬಹುದಿತ್ತು. ಮಂಗಳವಾರ ಬಿಚ್ಚಿರಬೇಕು ಅನ್ನಬಹುದಿತ್ತು. ಯಾರು ಕೇಳುತ್ತಿದ್ದರು? ನಾಲಿಗೆಯ ತುದಿಗೂ ಬಂದಿತ್ತು. ಆದರೆ ಅವಳು ಅವರ ಮಗಳು, ಅವರ ಹಾಗೇ ತಲೆ ಸ್ವಲ್ಪ ಓರೆ ಮಾಡಿ ನನ್ನ ದನಿಗೆ ಕಾಯುತ್ತಿದ್ದಳು.

"ಭಾನುವಾರ ಸಂಜೆ" ಎಂದೆ.

"ಲೇಕಿನ್ ನೀವು ಮಂಡೇ ಬೆಳಿಗ್ಗೆ ಕೇಳಿಸ್ಕೊಂಡೆ ಅಂದ್ರಿ. ಟ್ಯೂಸ್‌ಡೇನೂ ಅಂದ್ರಿ."

ಎಲ್ಲ ಹೇಳಿದೆ. ಮೂರು ಭಾನುವಾರದ್ದು ಹೇಳಿದೆ, ಮೆಟ್ಟಿಲ ಬಳಿ ಫೋನಿನಲ್ಲಿ ಮಾತಾಡುತ್ತ ತಲೆ ಆಡಿಸಿದ್ದು ಹೇಳಿದೆ. ಕೇಳಿಸಿದ್ದು ಸುಳ್ಳಲ್ಲ, ಮಗಳೇ, ದೇವರಾಣೆ ಕೇಳಿಸಿತು, ಟಕ್ ಟಕ್ ಅಂತಲೂ ಅಂತು ಎಂದೆ. ಅದೇನೆಂದು ನನಗೆ ಗೊತ್ತಿಲ್ಲ. ಅವರು ಹೇಳಿದ್ದ ಹಾಗೆ ನನ್ನ ಕಿವಿಯೇ ಹಾಕಿಕೊಂಡಿತೋ, ಮೇಲೆ ಹೋಗದಿರಲು ನನಗೊಂದು ನೆಪ ಬೇಕಿತ್ತೋ, ಇಲ್ಲ ಬೇರೆ ಏನಾದರೂ ಇತ್ತೋ. ಅಳುತ್ತಿದ್ದೆ. ಅವಳು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ಬಟ್ಟಲನ್ನು ಪಕ್ಕಕ್ಕಿಟ್ಟು, "ನಿಮ್ಮ ಮನೇದು ಪಾಪಾಗೆ ಇಲ್ಲಿ ಕೇಳಿಸ್ತಿತ್ತಾ?" ಎಂದು ಕೇಳಿದಳು.

"ಕೇಳಿಸ್ತಿತ್ತು. ಅದಕ್ಕೇ ತಾನೆ ಅಂಥದ್ದು ಆರಿಸಿದ್ದು."

"ಆಂಟಿ, ಕೆಳಗೆ ಹೋಗಿ ಒಂದ್ಸಲ ಫ್ಲಶ್ ಮಾಡ್ತೀರಾ? ದಿನಾ ಬೆಳಿಗ್ಗೆ ಏನೇನು ಮಾಡ್ತೀರೋ ಹಾಗೇ ಮಾಡಿ. ಆಫೀಸಿಗೆ ಹೋಗೋ ತನಕ."

ಯಾಕೆಂದು ಕೇಳುವ ಧೈರ್ಯವಾಗಲಿಲ್ಲ. ಕೆಳಗೆ ಬಂದೆ. ಫ್ಲಶ್ ಒತ್ತಿದೆ. ಟ್ಯಾಂಕು ಗದ್ದಲ ಮಾಡಿಕೊಂಡು ತುಂಬಿ ನಿಂತಿತು. ಬಚ್ಚಲಿನ ನಲ್ಲಿ ತಿರುಗಿಸಿದೆ, ನಿಲ್ಲಿಸಿದೆ. ಅಡುಗೆಮನೆಯಲ್ಲಿ ಕುಕ್ಕರು ಇಟ್ಟು ತೆಗೆದೆ. ಚಪ್ಪಲಿ ಮೆಟ್ಟಿ, ಬಾಗಿಲು ಎಳೆದು ಬೀಗ ಹಾಕಿ, ಬೀಗವನ್ನು ಒಮ್ಮೆ ಜಗ್ಗಿ ನೋಡಿ, ಕೆಳಗಿನ ಗೇಟಿನವರೆಗೆ ಇಳಿದು, ವಾಪಸು ಮೇಲೆ ಹೋದೆ.

ಅವಳು ಟಾಯ್ಲೆಟ್ಟಿನ ನೆಲದ ಮೇಲೆ, ಅವರು ಮಲಗಿದ್ದ ಜಾಗದಲ್ಲೇ, ಎಡಮಗ್ಗುಲಾಗಿ ಮಲಗಿದ್ದಳು. ಒಂದು ಕಿವಿ ನೆಲಕ್ಕೆ. ನನ್ನನ್ನು ನೋಡಿ ಎದ್ದು ಕೂತಳು.

"ಪೂರಾ ಕೇಳಿಸುತ್ತೆ ಆಂಟಿ. ಟ್ಯಾಂಕ್, ನಲ್ಲಿ, ಕುಕರ್, ಚಪ್ಪಲಿ. ನೀವು ಬೀಗ ಎಳೆದು ನೋಡಿದ್ದೂ ಕೇಳಿಸುತ್ತೆ." ಅಂಗೈಯನ್ನು ನೆಲಕ್ಕೆ ಊರಿಕೊಂಡೇ ಕೇಳಿದಳು, "ಇಳಿಯೋ ಹೆಜ್ಜೆ ಯಾವುದು, ಹತ್ತೋ ಹೆಜ್ಜೆ ಯಾವುದು ಅಂತ ಪಾಪಾಗೆ ಗೊತ್ತಾಗ್ತಿತ್ತು, ಅಲ್ವಾ?"

ಗೊತ್ತಾಗುತ್ತಿತ್ತು ಎಂದೆ.